ಕೈ ಕಟ್ಟಿಕೊಂಡು ತೇಲುವುದಕ್ಕೂ ಟಿಕೆಟ್: ಕ್ರಿಸ್ಟಲ್ ರಿವರ್‌ನ ಮ್ಯಾನಟಿಗಳೊಂದಿಗೆ ಎರಡು ಬೆಳಗು

31 ವರ್ಷ ಪಶುವೈದ್ಯನಾಗಿದ್ದವನ ಮುಂದೆ ಒಂದು ಪ್ರಾಣಿ ಬಂದರೆ ಮೊದಲು ಮುಂದಕ್ಕೆ ಹೋಗುವುದು ಅವನ ಕೈ. ಬುದ್ಧಿ ಆಮೇಲೆ ನಿಧಾನವಾಗಿ ಬರುತ್ತದೆ. ಕಿವಿ ಬಿಸಿಯಿದೆಯೇ, ಮೂತಿ ಒಣಗಿದೆಯೇ, ಪಕ್ಕೆಲುಬು ಬೆರಳಿಗೆ ಸಿಗುತ್ತದೆಯೇ ಎಂದು ಅಷ್ಟರಲ್ಲಿ ಕೈ ನೋಡಿ ಮುಗಿಸಿರುತ್ತದೆ. ಅಂಥವನನ್ನು ಜನವರಿಯ ಚಳಿಯಲ್ಲಿ, ಇನ್ನೂ ಪೂರ್ತಿ ಬೆಳಕು ಹರಿಯುವ ಮೊದಲೇ ನೀರಿಗಿಳಿಸಿ, ನೀರಿನಲ್ಲೇ ಬದುಕಿ ಹುಲ್ಲು ಮೇಯುವ, ಅರ್ಧ ಟನ್ ತೂಗುವ ಮ್ಯಾನಟಿ ಎಂಬ ಸಸ್ತನಿಯೊಂದು ಒಂದು ಮಾರು ದೂರದಲ್ಲಿ ಮಲಗಿರುವಾಗ ‘ಮುಟ್ಟಬೇಡಿ’ ಎಂದು ಹೇಳಿ, ಅದಕ್ಕೆ ದುಡ್ಡು ತೆಗೆದುಕೊಳ್ಳುವ ವ್ಯವಹಾರವೊಂದು ಫ್ಲಾರಿಡಾದಲ್ಲಿದೆ. ನಾನು ಒಂದೇ ವಾರದಲ್ಲಿ ಎರಡು ಬಾರಿ ಹೋದೆ, ಎರಡು ಬೇರೆ ಬೇರೆ ಕಂಪನಿಗಳೊಂದಿಗೆ. ಮೊದಲನೆಯದು 64 ಡಾಲರ್, ದಂಡ. ಎರಡನೆಯದು 89 ಡಾಲರ್, ಅದರಲ್ಲಿ ಒಂದು ಸೆಂಟಿನ ಬಗ್ಗೆಯೂ ನನಗೆ ಬೇಸರವಿಲ್ಲ.

ಕಂಪನಿಗಳ ಹೆಸರನ್ನು ಬರೆಯುವುದಿಲ್ಲ. ಆ ಪುಟ್ಟ ಊರಿನಲ್ಲಿ ಇಂಥ ದೋಣಿಯವರು ಹಲವರಿದ್ದಾರೆ. ಈ ವರ್ಷ ಇಲ್ಲಿರುವ ಗೈಡ್ ಮುಂದಿನ ವರ್ಷ ಪಕ್ಕದವರ ಹತ್ತಿರ ಇರಬಹುದು. ಹೆಸರಿಗಿಂತ ಲಕ್ಷಣ ನೋಡಿ ಆರಿಸುವುದು ಮೇಲು, ಎತ್ತು ಕೊಳ್ಳುವಾಗ ನೋಡುವ ಹಾಗೆ.

ಊರಿನ ಹೆಸರೂ ಕ್ರಿಸ್ಟಲ್ ರಿವರ್, ನದಿಯ ಹೆಸರೂ ಅದೇ. ಟ್ಯಾಂಪಾದಲ್ಲಿರುವ ಮಗಳ ಮನೆಯಿಂದ ಕಾರಿನಲ್ಲಿ ಒಂದೂವರೆ ಗಂಟೆ. ನದಿಯ ತಲೆಯಲ್ಲಿ ಕಿಂಗ್ಸ್ ಬೇ ಎನ್ನುವ ಅಗಲವಾದ ನೀರಿನ ಹರವು ಇದೆ. ಅದರ ತಳದಲ್ಲಿ 70ಕ್ಕೂ ಹೆಚ್ಚು ಒರತೆಗಳು ಸುಣ್ಣಕಲ್ಲಿನ ಬಿರುಕುಗಳಿಂದ ಉಕ್ಕುತ್ತಲೇ ಇರುತ್ತವೆ. ನೆಲದೊಳಗಿನಿಂದ ಬರುವ ಆ ನೀರು ಬೇಸಿಗೆಯಲ್ಲೂ ಚಳಿಗಾಲದಲ್ಲೂ ಸುಮಾರು 22 ಡಿಗ್ರಿ ಸೆಲ್ಸಿಯಸ್. ಚಳಿಗಾಲದಲ್ಲಿ ಹೊರಗಿನ ಕೊಲ್ಲಿಯ ನೀರು 20 ಡಿಗ್ರಿಗಿಂತ ಕೆಳಗಿಳಿದರೆ ಮ್ಯಾನಟಿಗಳು ಹೆಚ್ಚು ದಿನ ತಡೆಯಲಾರವು. ನೋಡುವುದಕ್ಕೆ ಗುಡಾಣದಂತೆ ದುಂಡಗಿದ್ದರೂ ತಿಮಿಂಗಿಲಕ್ಕಿರುವಂಥ ಕೊಬ್ಬಿನ ಕಂಬಳಿ ಅವಕ್ಕಿಲ್ಲ, ಮೈಯೊಳಗಿನ ಒಲೆಯ ಉರಿಯೂ ಸಣ್ಣದು. ಹಾಗಾಗಿ ಚಳಿ ಬಿದ್ದೊಡನೆ ನೂರಾರು ಮ್ಯಾನಟಿಗಳು ಬೆಚ್ಚಗಿನ ನೀರನ್ನು ಹುಡುಕಿಕೊಂಡು ಈ ಒರತೆಗಳಿಗೆ ಬಂದು ಬೀಳುತ್ತವೆ. ಇವುಗಳಿಗಾಗಿಯೇ 1983ರಲ್ಲಿ ಇಲ್ಲಿ ರಾಷ್ಟ್ರೀಯ ವನ್ಯಜೀವಿ ಧಾಮವಾಯಿತು. ನವೆಂಬರ್ 15ರಿಂದ ಮಾರ್ಚ್ 31ರವರೆಗೆ ಒರತೆಗಳ ಸುತ್ತ ಕೆಲವು ಜಾಗಗಳಿಗೆ ಹಗ್ಗ ಕಟ್ಟಿ, ಮನುಷ್ಯರು ಒಳಗೆ ಬರಬಾರದೆಂದು ಬಿಗಿ ಮಾಡುತ್ತಾರೆ. ಹಗ್ಗದ ಹೊರಗೆ, ನಿಯಮ ಮೀರದಂತೆ, ನೀವು ನೀರಿನಲ್ಲಿರಬಹುದು. ಕಾಡಿನ ಪ್ರಾಣಿಯೊಂದಿಗೆ ಹೀಗೆ ಒಂದೇ ನೀರಿನಲ್ಲಿರಲು ಕಾನೂನು ಬಿಡುವ ಜಾಗಗಳು ಅಮೆರಿಕದಲ್ಲಿ ಬಹಳ ಕಡಿಮೆ.

ಮೊದಲ ದಿನ. ಬೆಳಗ್ಗೆ 6.15ಕ್ಕೆ ಬರಲು ಹೇಳಿದ್ದರು. ನಾನು, ಮಗಳು, 11 ವರ್ಷದ ಮೊಮ್ಮಗ. ನನ್ನ ಹೆಂಡತಿ ನೀರಿಗಿಳಿಯುವುದಿಲ್ಲ ಎಂದು ಮೊದಲೇ ಘೋಷಿಸಿದ್ದಳು. ಅವಳಿಗೆ ದೋಣಿಯಲ್ಲಿ ಸುಮ್ಮನೆ ಕೂರುವ ಕಡಿಮೆ ದರದ ಟಿಕೆಟ್.

ನೀರಿಗಿಳಿಯುವ ಮೊದಲು ಪ್ರತಿಯೊಬ್ಬರೂ ಒಂದು ವಿಡಿಯೋ ನೋಡಬೇಕು. ಬೆನ್ನಟ್ಟಬಾರದು, ಮಲಗಿರುವುದನ್ನೂ ಮೇಯುತ್ತಿರುವುದನ್ನೂ ಕೆಣಕಬಾರದು, ಸುತ್ತುವರಿಯಬಾರದು, ಹತ್ತಬಾರದು, ಹಿಡಿಯಬಾರದು, ಚಿವುಟಬಾರದು, ತಾಯಿ ಮತ್ತು ಮರಿಯ ನಡುವೆ ಹೋಗಬಾರದು, ತಿನ್ನಲು ಕುಡಿಯಲು ಏನನ್ನೂ ಕೊಡಬಾರದು. ಕೇಳುತ್ತಾ ಹೋದಂತೆ ಹಿಂದೆ ಯಾರೋ ಒಬ್ಬರು ಇದೆಲ್ಲವನ್ನೂ ಮಾಡಿಯೇ ತೀರಿದ್ದಾರೆ ಎನಿಸುತ್ತದೆ. ವಿಡಿಯೋ ಚೆನ್ನಾಗಿದೆ. ಆದರೆ ಆ ಕೋಣೆಯಲ್ಲಿ ಹದಿನಾಲ್ಕು ಜನರಿದ್ದೆವು, ಐದಾರು ಮಂದಿ ಮೊಬೈಲ್ ನೋಡುತ್ತಿದ್ದರು. ಕೋಣನ ಮುಂದೆ ಕಿನ್ನರಿ. ಕೌಂಟರಿನ ಹುಡುಗ ಅದನ್ನು ಕಂಡೂ ಕಾಣದವನಂತೆ ಕಾಫಿ ಹೀರುತ್ತಿದ್ದ.

ಆಮೇಲೆ ವೆಟ್‌ಸೂಟ್. ಇದರ ಬಗ್ಗೆ ಎರಡು ಮಾತು ಹೇಳಲೇಬೇಕು. ಅಡ್ಡ ಸಿಕ್ಕಿಕೊಂಡ ಕರುವನ್ನು ಎಳೆದು ಹೊರತೆಗೆಯುವುದು ನನಗೆ ಗೊತ್ತಿರುವ ವಿದ್ಯೆ. ಒದ್ದೆ ರಬ್ಬರಿನ ಆ ದಿರಿಸಿನೊಳಗೆ ಹೊಟ್ಟೆಯಿರುವ ಮುದುಕನನ್ನು ತುಂಬುವುದು ಅದೇ ವಿದ್ಯೆಯ ತಿರುವುಮುರುವು. ಮೊದಲ ಕಂಪನಿಯ ಸೂಟು ಮಂಡಿಯ ಹತ್ತಿರ ಹರಿದಿತ್ತು, ಹಿಂದಿನ ದಿನದ ನೀರು ಇನ್ನೂ ಆರಿರಲಿಲ್ಲ. ಹೊರಗೆ 5 ಡಿಗ್ರಿ ಚಳಿ. ಕಿಂಗ್ಸ್ ಬೇಯ ಮೇಲೆ ಹಾಲು ಕಾಯಿಸಿದ ಪಾತ್ರೆಯ ಹಾಗೆ ಹಬೆ ಏಳುತ್ತಿತ್ತು. ಅಲ್ಲಿನವರಿಗೆ 22 ಡಿಗ್ರಿ ಎಂದರೆ ಬೆಚ್ಚಗಿನ ನೀರು. ಆ ನೀರಿನಲ್ಲಿ ಅರ್ಧ ಗಂಟೆ ಅಲುಗಾಡದೆ ಇದ್ದು ನೋಡಿ, ಹಲ್ಲು ತಾಳ ಹಾಕುತ್ತದೆ.

ದೋಣಿ ನಿಂತ ಕಡೆ ಮೂರು ಮ್ಯಾನಟಿಗಳಿದ್ದವು. ಇದ್ದವು ಎಂದು ಗೊತ್ತಾದದ್ದು ನೀರ ಮೇಲೆ ಆಗಾಗ ಎರಡು ಮೂಗಿನ ಹೊಳ್ಳೆಗಳು ಎದ್ದು, ‘ಫೂ’ ಎಂದು ಉಸಿರುಬಿಟ್ಟು ಮುಳುಗುತ್ತಿದ್ದುದರಿಂದ. ಕೆರೆಯಲ್ಲಿ ಮುಳುಗಿ ಮಲಗಿದ ಎಮ್ಮೆಯ ಉಸಿರನ್ನು ಕೇಳಿದವರಿಗೆ ಆ ಸದ್ದು ಹೊಸದಲ್ಲ. ನನಗಂತೂ ಕತ್ತಲಲ್ಲಿ ಪರಿಚಿತರೊಬ್ಬರು ಕೆಮ್ಮಿದಂತಾಯಿತು. ಹದಿಮೂರು ಜನ ಒಟ್ಟಿಗೆ ನೀರಿಗಿಳಿದೆವು. ಸದ್ದು ಮಾಡಬೇಡಿ ಎಂದು ಗೈಡ್ ಒಂದು ಸಲ ಹೇಳಿದ. ಎಲ್ಲರ ಕಾಲಿಗೂ ರಬ್ಬರಿನ ರೆಕ್ಕೆ ಹಾಕಿಸಿದ್ದರು. ಅಲ್ಲಿಗೆ ಕಥೆ ಮುಗಿಯಿತು. ಈಜು ಬಾರದವರು ನೀರಿನಲ್ಲಿ ನೆಟ್ಟಗೆ ನಿಲ್ಲಲು ನೋಡುತ್ತಾರೆ, ನಿಂತವರು ಸೈಕಲ್ ತುಳಿಯುತ್ತಾರೆ, ತುಳಿದ ರೆಕ್ಕೆಗಳು ತಳದ ಕೆಸರನ್ನು ಎಬ್ಬಿಸುತ್ತವೆ. ಎರಡು ನಿಮಿಷದಲ್ಲಿ ನನ್ನ ಕೈಯೇ ನನಗೆ ಕಾಣದಾಯಿತು.

ಇದರ ಮೇಲೆ ನೀರಿನೊಳಗೆ ಫೋಟೋ ತೆಗೆಯಲು ಒಬ್ಬನಿದ್ದ. ಫೋಟೋಗಳಿಗೆ ಬೇರೆ 40 ಡಾಲರ್. ಗೈಡ್ ದೂರ ಸರಿಯಿರಿ ಎಂದರೆ, ಇವನು ಇನ್ನೂ ಹತ್ತಿರ ಬನ್ನಿ ಎಂದು ಕೈ ಬೀಸುತ್ತಿದ್ದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವುದನ್ನು ನಾನು ಅಕ್ಷರಶಃ ನೀರಿನಲ್ಲೇ ನೋಡಿದೆ. ಯಾರೋ ಒಬ್ಬರು ಒಂದರ ಬಾಲವನ್ನು ಸವರಿದರು. ಅದು ಗಾಬರಿಯಾಗಲಿಲ್ಲ, ಸಿಟ್ಟಾಗಲಿಲ್ಲ. ಆ ಅಗಲವಾದ ಬಾಲವನ್ನು ಒಮ್ಮೆ ಮೇಲೆತ್ತಿ ಕೆಳಗಿಳಿಸಿತು. ಮೊರದಂಥ ಬಾಲ, ಒಂದೇ ಬೀಸು. ಎದ್ದ ಅಲೆಗೆ ನಾನು ಒಂದು ಗಜ ಹಿಂದಕ್ಕೆ ಹೋದೆ. ಪ್ರಾಣಿ ಹೊರಟುಹೋಯಿತು. ಉಳಿದೆರಡೂ ಅದರ ಹಿಂದೆ ಹೋದವು.

ನನಗೆ ಸಿಟ್ಟು ಬಂದದ್ದು ಕೈ ತಪ್ಪಿತಲ್ಲ ಎಂದಲ್ಲ. ಅದು ಒರತೆಯ ಕಡೆಗೆ ಹೋಗಲಿಲ್ಲ, ತಣ್ಣನೆಯ ನೀರಿನ ಕಡೆಗೆ ಹೋಯಿತು. ಬಡಕಲು ದನವನ್ನು ಮಳೆಯಲ್ಲಿ ಕೊಟ್ಟಿಗೆಯಿಂದ ಎಬ್ಬಿಸಿ ಹೊರಗೆ ಅಟ್ಟಿದರೆ ಏನಾಗುತ್ತದೆಂದು ನನಗೆ ಗೊತ್ತು. ಮೈ ಬಿಸಿ ಉಳಿಸಿಕೊಳ್ಳಲಿಕ್ಕೆಂದೇ ಬಂದ ಪ್ರಾಣಿಯನ್ನು ಬಿಸಿನೀರಿನಿಂದ ಹೊರಗೆ ಕಳಿಸುವುದು ಹೊಡೆತಕ್ಕಿಂತ ಕಡಿಮೆಯೇನಲ್ಲ. ‘ಮುಟ್ಟಬೇಡಿ’ ಎನ್ನುವ ನಿಯಮದ ಒಳಗಿನ ಕಾರಣ ಇದೇ ಎಂದು ಆ ವಿಡಿಯೋಕ್ಕಿಂತ ಚೆನ್ನಾಗಿ ಆ ಬಾಲ ನನಗೆ ಹೇಳಿತು.

ದೋಣಿ ಹತ್ತಿದಾಗ ಹೆಂಡತಿ ಟವೆಲ್ ಕೊಡುತ್ತಾ ಕೇಳಿದಳು. “ಏನು ಕಂಡಿತು ರೀ?”

“ಕೆಸರು.”

“ನಾನು ಇಲ್ಲಿಂದಲೇ ಒಂಬತ್ತು ಸಲ ಮೂಗು ನೋಡಿದೆ. ಒಂದು ತಾಯಿ, ಒಂದು ಮರಿ, ಆ ಹಗ್ಗದ ಆಚೆ.”

ವಾಪಸು ಬಂದು ಫೋಟೋ ನೋಡಿದರೆ ಹನ್ನೆರಡರಲ್ಲಿ ಏಳು ಫೋಟೋಗಳಲ್ಲಿ ಇದ್ದದ್ದು ಬೇರೆಯವರ ಕಾಲು. ಕೊಳ್ಳಲಿಲ್ಲ. ಕ್ಯಾಪ್ಟನ್‌ಗೆ ಮಾತ್ರ ಟಿಪ್ಸ್ ಕೊಟ್ಟೆವು, ದೋಣಿಯನ್ನು ಅವನು ನಿಜಕ್ಕೂ ಬಸವನ ಹುಳುವಿನಂತೆ ನಡೆಸಿದ್ದ. ನಿಧಾನದ ವಲಯ ಎಂದು ಬೋರ್ಡು ಹಾಕಿರುವ ಕಡೆಯಲ್ಲೆಲ್ಲ ಹೀಗೆ ನಡೆಸುವವರು ಎಷ್ಟು ಮಂದಿ ಇದ್ದಾರೋ, ಅದರ ಲೆಕ್ಕ ಪ್ರಾಣಿಗಳ ಬೆನ್ನ ಮೇಲಿದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಆ ಮಧ್ಯಾಹ್ನ ಸುಮ್ಮನೆ ಮನೆಗೆ ಹೋಗಲು ಮನಸ್ಸಾಗದೆ ತ್ರೀ ಸಿಸ್ಟರ್ಸ್ ಸ್ಪ್ರಿಂಗ್ಸ್‌ನ ಕಾಲುದಾರಿಗೆ ಟಿಕೆಟ್ ತೆಗೆದುಕೊಂಡೆವು. ಮೂರು ಒರತೆಗುಂಡಿಗಳು ಸೇರಿದ ಜಾಗ ಅದು. ಖಾಸಗಿಯವರ ಕೈಯಲ್ಲಿದ್ದುದನ್ನು 2010ರಲ್ಲಿ ಕೊಂಡು ಧಾಮದ ಆಡಳಿತಕ್ಕೆ ಸೇರಿಸಿದರು. ನೀರೊಳಗಿನಿಂದ ಅಲ್ಲಿಗೆ ಹೋಗುವ ಕಿರಿದಾದ ಬಾಯಿಗೆ ಕಂಬಗಳನ್ನು ನೆಟ್ಟಿದ್ದಾರೆ, ದೋಣಿ ನುಗ್ಗದ ಹಾಗೆ. ತೀರಾ ಚಳಿಯ ದಿನಗಳಲ್ಲಿ ಈಜುವವರನ್ನೂ ಬಿಡುವುದಿಲ್ಲ. ನಾವು ಹೋದ ವಾರ ಪೂರ್ತಿ ಮುಚ್ಚಿತ್ತು. ‘ತ್ರೀ ಸಿಸ್ಟರ್ಸ್ ತೋರಿಸಲಿಲ್ಲ’ ಎಂದು ಕಂಪನಿಗಳಿಗೆ ಒಂದು ನಕ್ಷತ್ರ ಕೊಟ್ಟು ಬೈಯುವವರನ್ನು ನೋಡಿದ್ದೇನೆ. ಮುಚ್ಚುವುದು ಅವರಲ್ಲ, ಮುಚ್ಚುವುದೂ ಸರಿಯೇ. ಮರದ ಕಾಲುದಾರಿಯ ಮೇಲಿಂದ ಬಗ್ಗಿ ನೋಡಿದೆ. ಗಾಜಿನಂಥ ನೀಲಿ ನೀರು, ಅದರ ತಳದಲ್ಲಿ ಬೂದು ಬಣ್ಣದ ಮೈಗಳು ಅಕ್ಕಪಕ್ಕ ಒತ್ತೊತ್ತಾಗಿ, ಸಂತೆಯ ಹಿಂದಿನ ರಾತ್ರಿ ತಂಗಿದ ಬಂಡಿಗಳ ಹಾಗೆ. ಎಣಿಸಲು ಹೋಗಿ ನಲವತ್ತಕ್ಕೆ ಬಿಟ್ಟೆ. ಈಜು ಬಾರದವರು, ಮಂಡಿನೋವಿನವರು, ಚಿಕ್ಕ ಮಕ್ಕಳಿರುವವರು ದೋಣಿಯ ಗೊಡವೆಗೇ ಹೋಗದೆ ನೇರವಾಗಿ ಇಲ್ಲಿಗೆ ಬಂದರೂ ನಷ್ಟವಿಲ್ಲ. ಸ್ಪಷ್ಟವಾಗಿ ಕಾಣುವುದು ಇಲ್ಲಿಂದಲೇ.

ಇಷ್ಟಾದ ಮೇಲೂ ಎರಡನೆಯ ಸಲ ಏಕೆ ಹೋದೆ? ಮಗಳು ಬಿಡಲಿಲ್ಲ. “ಅಪ್ಪ, ಈ ಸಲ ನಾನು ಫೋನ್ ಮಾಡಿ ಕೇಳಿಯೇ ಬುಕ್ ಮಾಡುತ್ತೇನೆ” ಎಂದಳು. ಅವಳು ಕೇಳಿದ್ದು ಮೂರೇ ಪ್ರಶ್ನೆ. ಒಬ್ಬ ಗೈಡ್‌ಗೆ ಎಷ್ಟು ಜನ? ಕಾಲಿಗೆ ರೆಕ್ಕೆ ಕೊಡುತ್ತೀರಾ? ಫೋಟೋ ತೆಗೆಯುವವರು ಯಾರು? ಆರು ಜನ, ರೆಕ್ಕೆ ಕೊಡುವುದಿಲ್ಲ, ಫೋಟೋ ಗೈಡೇ ತೆಗೆದು ಕಳಿಸುತ್ತಾರೆ, ಅದಕ್ಕೆ ಬೇರೆ ದುಡ್ಡಿಲ್ಲ ಎಂದು ಉತ್ತರ ಬಂತು. ಈ ಮೂರು ಉತ್ತರ ಸರಿಯಿದ್ದರೆ ಉಳಿದದ್ದು ಬಹುತೇಕ ಸರಿಯಿರುತ್ತದೆ.

ಎರಡನೆಯ ಕಂಪನಿಯ ಗೈಡ್ ಐವತ್ತರ ಆಸುಪಾಸಿನ ಹೆಂಗಸು. ವಿಡಿಯೋ ಮುಗಿದ ಮೇಲೆ ನಮ್ಮನ್ನು ಒಬ್ಬೊಬ್ಬರನ್ನಾಗಿ ಕರೆದು ಒಂದೊಂದು ನಿಯಮ ಕೇಳಿದರು, ಶಾಲೆಯಲ್ಲಿ ಮಗ್ಗಿ ಒಪ್ಪಿಸಿದ ಹಾಗೆ. ನನ್ನ ಮೀಸೆ ನೋಡಿ ನಕ್ಕು ಒಂದು ವ್ಯಾಸಲೀನ್ ಡಬ್ಬಿ ಕೊಟ್ಟರು. ಮೀಸೆಯಿದ್ದರೆ ನೀರೊಳಗೆ ನೋಡಲು ಹಾಕುವ ಮುಖವಾಡ ಚರ್ಮಕ್ಕೆ ಅಂಟುವುದಿಲ್ಲ, ನೀರು ಸೋರುತ್ತದೆ. ಮೊದಲ ದಿನ ಇಡೀ ನಾನು ಕಣ್ಣಲ್ಲಿ ನೀರು ತುಂಬಿಕೊಂಡು ಒದ್ದಾಡಿದ್ದು ಇದಕ್ಕೇ ಎಂದು ಆಗ ಗೊತ್ತಾಯಿತು. ಸೂಟು ಒಣಗಿತ್ತು. ದೋಣಿಯಲ್ಲಿ ಬಿಸಿನೀರಿನ ಪೈಪು ಇತ್ತು, ಹೊರಡುವ ಮೊದಲು ಅದನ್ನು ಸೂಟಿನ ಕತ್ತಿನೊಳಗೆ ಬಿಟ್ಟುಕೊಂಡರೆ ಬೆನ್ನುಹುರಿಯ ಉದ್ದಕ್ಕೂ ಸ್ವರ್ಗ. ಒಂದು ದೂರು ಇದೆ, ಅದನ್ನೂ ಹೇಳಿಬಿಡುತ್ತೇನೆ. ಅವರ ದೋಣಿಯ ಶೌಚಾಲಯ ಮನುಷ್ಯರಿಗೆಂದು ಮಾಡಿದ್ದಲ್ಲ. ಮನೆಯಲ್ಲೇ ಮುಗಿಸಿಕೊಂಡು ಹೋಗಿ, ಕಾಫಿ ಆಮೇಲೆ ಕುಡಿಯಿರಿ.

ನೀರಿಗಿಳಿದ ಮೇಲೆ ಆಕೆ ಮಾಡಿಸಿದ ಮೊದಲ ಕೆಲಸ ಪ್ರಾಣಿಯ ಹತ್ತಿರ ಹೋಗುವುದಲ್ಲ. ದೋಣಿಯ ಏಣಿಯ ಪಕ್ಕದಲ್ಲೇ ಐದು ನಿಮಿಷ ತೇಲಿಸಿದರು. ಎದೆಯ ಕೆಳಗೆ ಉದ್ದನೆಯ ಸ್ಪಂಜಿನ ಕೊಳವೆ, ಮುಖ ನೀರಿನಲ್ಲಿ, ಕಾಲು ಹಿಂದಕ್ಕೆ ಚಾಚಿ ಮೇಲೆ. “ನಿಮ್ಮ ಶತ್ರು ನಿಮ್ಮ ಕಾಲು. ಕೈಗಳನ್ನು ಎದೆಗೆ ಕಟ್ಟಿಕೊಳ್ಳಿ. ಈಜಬೇಡಿ, ತೇಲಿ. ಬರುವುದಿದ್ದರೆ ಅದೇ ಬರುತ್ತದೆ” ಎಂದರು. ಮೊಮ್ಮಗನಿಗೆ ಇದು ಒಂದೇ ನಿಮಿಷದಲ್ಲಿ ಬಂತು. ನನಗೆ ಮೂರು ಸಲ ಹೇಳಿಸಿಕೊಂಡ ಮೇಲೆ ಬಂತು.

ಒಂದು ಮರಿ ಮತ್ತು ತಾಯಿ ಸುಮಾರು ಎಂಟು ಅಡಿ ಆಳದಲ್ಲಿ, ಹಗ್ಗದ ನಮ್ಮ ಕಡೆಗೇ ಮಲಗಿದ್ದವು. ನಾವು ಮೇಲೆ, ಆರು ಜನ ಎಲೆಗಳಂತೆ. ಬಹಳ ಹೊತ್ತು ಏನೂ ಆಗಲಿಲ್ಲ. ‘ಏನೂ ಆಗಲಿಲ್ಲ’ ಎನ್ನುವುದನ್ನು ವಿಮರ್ಶೆಯಲ್ಲಿ ಬರೆಯಬಾರದೇನೋ, ಆದರೆ ನಾನು ದುಡ್ಡು ಕೊಟ್ಟದ್ದು ಅದಕ್ಕೇ. ಅಷ್ಟು ಹೊತ್ತು ಒಂದು ಆರೋಗ್ಯವಂತ ಪ್ರಾಣಿಯನ್ನು ಏನೂ ಮಾಡದೆ ನೋಡಿದ್ದು ನನ್ನ ಜೀವನದಲ್ಲೇ ಇಲ್ಲ. ನನ್ನ ಹತ್ತಿರ ಬರುತ್ತಿದ್ದವೆಲ್ಲ ಕಾಯಿಲೆಯವು, ಹಗ್ಗ ಬಿಗಿದವು, ಕಣ್ಣು ಬಿಳಿಚಿಕೊಂಡವು.

ನೋಡಿದ್ದನ್ನು ಹೇಳುತ್ತೇನೆ. ಮಲಗಿದ್ದ ತಾಯಿ ನಾಲ್ಕೈದು ನಿಮಿಷಕ್ಕೊಮ್ಮೆ, ಎಚ್ಚರವಾಗದೆ ಎನ್ನುವಂತೆ, ಲಿಫ್ಟಿನ ಹಾಗೆ ನೆಟ್ಟಗೆ ಮೇಲೆ ಬರುತ್ತಿತ್ತು. ಹೊಳ್ಳೆಗಳಿಗೆ ಚರ್ಮದ ಮುಚ್ಚಳವಿದೆ. ನೀರಿನಿಂದ ಮೇಲೆ ಬಂದೊಡನೆ ತೆರೆದು, ಒಂದು ಉಸಿರು, ಮತ್ತೆ ಟಪ್ ಎಂದು ಮುಚ್ಚಿಕೊಳ್ಳುತ್ತದೆ. ಆಮೇಲೆ ಕಲ್ಲಿನಂತೆ ಇಳಿಯುತ್ತದೆ. ಆ ಇಳಿಯುವುದರ ಗುಟ್ಟು ಮೂಳೆಯಲ್ಲಿದೆ. ಇದರ ಪಕ್ಕೆಲುಬುಗಳು ಗಟ್ಟಿ, ಒಳಗೆ ಮಜ್ಜೆಯ ಪೊಳ್ಳಿಲ್ಲ, ದೋಣಿಯ ತಳದಲ್ಲಿ ಹೇರಿದ ಕಲ್ಲಿನ ಕೆಲಸ ಮಾಡುತ್ತವೆ. ತೇಲುವುದಕ್ಕೆ ಬೆನ್ನುದ್ದಕ್ಕೂ ಚಾಚಿದ ಶ್ವಾಸಕೋಶ. ಇವೆರಡರ ನಡುವಿನ ಸಮತೂಕಕ್ಕೆ ಹೊಟ್ಟೆಯ ಗಾಳಿ. ಅದು ಹಿಂಬದಿಯಿಂದ ಮುತ್ತಿನ ಸರದಂತೆ ಗುಳ್ಳೆಗಳಾಗಿ ಹೊರಟಾಗ ಮೊಮ್ಮಗ ನೀರೊಳಗೇ ನಕ್ಕದ್ದು ಅವನ ಉಸಿರಾಟದ ಕೊಳವೆಯಲ್ಲಿ ಕೇಳಿಸಿತು. ಹೊಟ್ಟೆಯುಬ್ಬರದಿಂದ ಕಣ್ಣೆದುರೇ ಸತ್ತ ದನಗಳನ್ನು ಕಂಡವನು ನಾನು, ಸೂಜಿ ಚುಚ್ಚಿ ಗಾಳಿ ತೆಗೆದು ಉಳಿಸಿದವನೂ ಹೌದು. ಅದೇ ಗಾಳಿಯನ್ನು ಈ ಪ್ರಾಣಿ ಏರಿಳಿಯಲು ಬಳಸುತ್ತದೆ.

ಇಲ್ಲಿ ಒಂದು ತಕರಾರು. ನಮ್ಮಲ್ಲಿ ಇದನ್ನೂ ಇದರ ದಾಯಾದಿ ಡುಗಾಂಗನ್ನೂ ಕಡಲ ಹಸು ಎನ್ನುತ್ತೇವೆ. ತಮಿಳುನಾಡು 2022ರಲ್ಲಿ ಪಾಕ್ ಕೊಲ್ಲಿಯಲ್ಲಿ 448 ಚದರ ಕಿಲೋಮೀಟರ್ ಮೀಸಲು ಜಾಗ ಮಾಡಿದ್ದು ಆ ಡುಗಾಂಗಿಗಾಗಿ. ಅದಕ್ಕೆ ತಿಮಿಂಗಿಲದಂತೆ ಕವಲೊಡೆದ ಬಾಲ, ಇದಕ್ಕೆ ದುಂಡು ಬಾಲ. ಹೆಸರು ಮುದ್ದಾಗಿದೆ, ಆದರೆ ಹಸುವಿಗೂ ಇದಕ್ಕೂ ಸಂಬಂಧವಿಲ್ಲ. ಇದು ಮೆಲುಕು ಹಾಕುವುದಿಲ್ಲ, ಮೇವು ಕುದುರೆಯಲ್ಲಿ ಆಗುವಂತೆ ಹಿಂಗರುಳಿನಲ್ಲಿ ಹುದುಗುತ್ತದೆ. ನೀರ ಮೇಲೆ ಒಂದು ಉಂಡೆ ತೇಲಿ ಬಂದಾಗ ಉಳಿದವರೆಲ್ಲ ಸರಿದರು, ನಾನು ಹತ್ತಿರ ಹೋಗಿ ನೋಡಿದೆ. ಒರಟು ನಾರು ಎದ್ದು ಕಾಣುತ್ತಿತ್ತು. ಸಗಣಿಯಲ್ಲ, ಲದ್ದಿ. ಬದುಕಿರುವ ಹತ್ತಿರದ ನೆಂಟರಲ್ಲಿ ದೊಡ್ಡದು ಆನೆ. ಮುಂಗಾಲಿನ ರೆಕ್ಕೆಯ ಅಂಚಿನಲ್ಲಿ ಆನೆಯದೇ ಉಗುರುಗಳು, ಮೂರೋ ನಾಲ್ಕೋ. ಹಲ್ಲೂ ಆನೆಯ ಹಾಗೆ ಹಿಂದಿನಿಂದ ಹುಟ್ಟಿ ಮುಂದಕ್ಕೆ ಸರಿದು ಉದುರುತ್ತದೆ. ಆನೆಗೆ ಆರು ಸರದಿ ಮುಗಿದರೆ ಮುಗಿಯಿತು, ಇದಕ್ಕೆ ಬದುಕಿರುವವರೆಗೂ ಬರುತ್ತಲೇ ಇರುತ್ತವೆ.

ಮರಿ ಎದ್ದಿತು. ತಾಯಿಯ ರೆಕ್ಕೆಯ ಹಿಂದಕ್ಕೆ ಹೋಗಿ, ಕಂಕುಳಿಗೆ ಮೂತಿ ಇಟ್ಟು ನಿಂತುಬಿಟ್ಟಿತು. ಏನು ಮಾಡುತ್ತಿದೆ ಎಂದು ಒಂದು ಕ್ಷಣ ತಿಳಿಯಲಿಲ್ಲ. ಮೊಲೆ ಇರುವುದು ಅಲ್ಲಿ. ಇಷ್ಟು ವರ್ಷ ಕೆಚ್ಚಲನ್ನು ಹಿಂಗಾಲಿನ ನಡುವೆ ಹುಡುಕಿದವನಿಗೆ ಕಂಕುಳಲ್ಲಿ ಹಾಲು! ಒಂದು ವರ್ಷ ಹೊತ್ತು ಹೆರುತ್ತದೆ, ಮರಿ ಎರಡು ವರ್ಷದವರೆಗೆ ಬೆನ್ನು ಬಿಡುವುದಿಲ್ಲ. ಬೇಸಿಗೆಯಲ್ಲಿ ಎಲ್ಲಿ ಮೇವು, ಚಳಿಗೆ ಯಾವ ಒರತೆ ಎನ್ನುವುದನ್ನು ಈ ಎರಡು ವರ್ಷದಲ್ಲೇ ತಾಯಿಯಿಂದ ಕಲಿಯಬೇಕು. ಇವೆರಡರ ನಡುವೆ ಯಾರೂ ಹೋಗಬಾರದು ಎಂಬ ನಿಯಮವನ್ನು ಗೈಡ್ ನನ್ನಿಂದಲೇ ಒಪ್ಪಿಸಿಕೊಂಡಿದ್ದರು.

ಕುಡಿದಾದ ಮೇಲೆ ಮರಿ ನಮ್ಮನ್ನು ನೋಡಿತು. ನೋಡುವ ರೀತಿಯೂ ವಿಚಿತ್ರ. ಹೆಚ್ಚು ಕಡಿಮೆ ಎಲ್ಲ ಸಸ್ತನಿಗಳಿಗೂ ಕತ್ತಿನಲ್ಲಿ ಏಳು ಮೂಳೆ, ಜಿರಾಫೆಗೂ ಏಳೇ. ಇದಕ್ಕೆ ಆರು. ಕತ್ತು ಹಿಡಿದುಕೊಂಡ ಮನುಷ್ಯನಂತೆ ಇಡೀ ಮೈಯನ್ನೇ ತಿರುಗಿಸಬೇಕು. ತಿರುಗಿತು, ಮೇಲೆ ಬಂತು, ನನ್ನ ಮುಖವಾಡದ ಮುಂದೆ ಒಂದು ಗೇಣಿನಲ್ಲಿ ನಿಂತಿತು. ಮೂತಿಯ ಎರಡೂ ಪಕ್ಕ ಪೊರಕೆಕಡ್ಡಿಯಂಥ ಗಡುಸು ಮೀಸೆ. ಕಣ್ಣು ಅಡಿಕೆಯಷ್ಟು ಚಿಕ್ಕದು, ರೆಪ್ಪೆಗೂದಲಿಲ್ಲ. ಮುಚ್ಚುವಾಗ ಚೀಲದ ಬಾಯಿಯ ದಾರ ಎಳೆದಂತೆ ಸುತ್ತಲಿಂದ ನಡುವಿಗೆ ಮುದುಡುತ್ತದೆ. ಬಾಗಿಲ ಕೀಲಿನಂತೆ ಸಣ್ಣಗೆ ಕೀಚ್ ಎಂದಿತು, ಕೆಳಗಿನಿಂದ ತಾಯಿ ಉತ್ತರ ಕೊಟ್ಟಿತು. ನನ್ನ ಬಲಗೈ ಸುಮ್ಮನಿರಲಿಲ್ಲ. ಅದನ್ನು ಎಡಗೈಯಿಂದ ಕಂಕುಳೊಳಗೆ ಅದುಮಿ ಹಿಡಿದುಕೊಂಡಿದ್ದೆ. ಮರಿ ನನ್ನ ಮುಂಗೈಯನ್ನು ಆ ಮೀಸೆಯಿಂದ ಉಜ್ಜಿ ನೋಡಿತು, ರಬ್ಬರು ರುಚಿಸಲಿಲ್ಲವೋ ಏನೋ, ಹೋಯಿತು.

ತಾಯಿಯ ಬೆನ್ನಿನ ಮಾತು ಹೇಳುತ್ತೇನೆ ಎಂದಿದ್ದೆ. ಸೊಂಟದ ಎಡಭಾಗದಲ್ಲಿ ಐದು ಗೀರುಗಳು, ಒಂದಕ್ಕೊಂದು ಸಮಾನಾಂತರ, ಬಾಚಣಿಗೆಯಿಂದ ಎಳೆದ ಹಾಗೆ. ದೋಣಿಯ ಯಂತ್ರದ ಅಲಗು ಸುತ್ತುತ್ತಾ ಹಾದುಹೋದರೆ ಹೀಗೆ ಬೀಳುತ್ತದೆ. ಹೊಲಿಗೆಯಿಲ್ಲದೆ ತಳದಿಂದ ತಾನೇ ತುಂಬಿಕೊಂಡು ಬಂದ ಗಾಯ, ಅಂಚು ಬಿಳಿ. ಚೆನ್ನಾಗಿ ಮಾಗಿತ್ತು. ಸಂಶೋಧಕರು ಒಂದೊಂದನ್ನೂ ಗುರುತಿಸಿ ಫೋಟೋ ಇಟ್ಟುಕೊಳ್ಳುವುದು ಈ ಕಲೆಗಳಿಂದಲೇ. ಕಲೆಯಿಲ್ಲದ ದೊಡ್ಡ ಮ್ಯಾನಟಿಯನ್ನು ಆ ವಾರದಲ್ಲಿ ನಾನು ಕಂಡದ್ದು ಒಂದೋ ಎರಡೋ.

ಇಂಥ ಕಡೆ ಮನುಷ್ಯರನ್ನು ನೀರಿಗೆ ಬಿಡುವುದೇ ತಪ್ಪು ಎನ್ನುವವರಿದ್ದಾರೆ. ಮೊದಲ ದಿನ ಕೇಳಿದ್ದರೆ ನಾನೂ ಹೌದು ಎನ್ನುತ್ತಿದ್ದೆ. ಈಗ ಅಷ್ಟು ಖಚಿತವಾಗಿ ಹೇಳಲಾರೆ. ಫ್ಲಾರಿಡಾದ ಇನ್ನೊಂದು ಮಗ್ಗುಲಲ್ಲಿ, ಇಂಡಿಯನ್ ರಿವರ್ ಲಗೂನಿನಲ್ಲಿ, ಕೊಳಕು ನೀರು ಪಾಚಿಯನ್ನು ಬೆಳೆಸಿ, ಪಾಚಿ ಬೆಳಕನ್ನು ತಡೆದು, ನೀರಡಿಯ ಹುಲ್ಲು ಸತ್ತುಹೋಯಿತು. 2021ರಲ್ಲಿ ಫ್ಲಾರಿಡಾದಲ್ಲಿ 1,100 ಮ್ಯಾನಟಿಗಳು ಸತ್ತವು, ಆ ಭಾಗದಲ್ಲಿ ಸತ್ತವುಗಳಲ್ಲಿ ಬಹಳಷ್ಟು ಹಸಿವಿನಿಂದ. ಕೊನೆಗೆ ಸರ್ಕಾರವೇ ಲೆಟಿಸ್ ಸೊಪ್ಪನ್ನು ತಂದು ನೀರಿಗೆ ಹಾಕಬೇಕಾಯಿತು. ಬರಗಾಲದ ಗೋಶಾಲೆಯನ್ನು ಕಂಡವನಿಗೆ ಆ ಚಿತ್ರ ವಿವರಿಸಬೇಕಾಗಿಲ್ಲ. ಅವುಗಳನ್ನು ಕೊಂದದ್ದು ತೇಲುತ್ತಾ ನೋಡಿದವರಲ್ಲ. ಕಿಂಗ್ಸ್ ಬೇಯಲ್ಲೂ ಹುಲ್ಲು ಹೋಗಿ ಕೆಸರುಪಾಚಿ ತುಂಬಿತ್ತು, ಅದನ್ನು ಹೀರಿ ತೆಗೆದು ಈಲ್‌ಗ್ರಾಸ್ ಎಂಬ ಹುಲ್ಲನ್ನು ಕೈಯಿಂದ ನಾಟಿ ಮಾಡುತ್ತಾ ಬಂದಿದ್ದಾರೆ, ಥೇಟು ಗದ್ದೆಯಲ್ಲಿ ಪೈರು ನೆಟ್ಟ ಹಾಗೆ. ಎರಡನೆಯ ದಿನ ನೀರು ತಿಳಿಯಾಗಿದ್ದುದಕ್ಕೆ ನಮ್ಮ ಕಾಲು ಸುಮ್ಮನಿದ್ದುದು ಒಂದು ಕಾರಣ, ಬೇರು ಹಿಡಿದ ಆ ಹುಲ್ಲು ಇನ್ನೊಂದು. ಈ ಮ್ಯಾನಟಿಗಳನ್ನು ನೋಡಲು ಬರುವವರ ದುಡ್ಡಿನ ಮೇಲೆಯೇ ಊರು ನಿಂತಿರುವುದರಿಂದ ಊರಿಗೂ ಹುಲ್ಲು ಬೇಕಾಗಿದೆ.

ಹಾಗಾಗಿ ಹೋಗುವವರಿಗೆ ಹೇಳುವುದಿಷ್ಟು. ಜನವರಿ, ಫೆಬ್ರವರಿಯಲ್ಲಿ ಹೋಗಿ, ಚಳಿ ಹೆಚ್ಚಿದ್ದಷ್ಟೂ ಪ್ರಾಣಿ ಹೆಚ್ಚು. ಬೆಳಗಿನ ಮೊದಲ ದೋಣಿಯನ್ನೇ ಹಿಡಿಯಿರಿ. ಶನಿವಾರ, ಭಾನುವಾರ ಬೇಡ. ಮಗಳ ಮೂರು ಪ್ರಶ್ನೆಗಳನ್ನು ಫೋನಿನಲ್ಲೇ ಕೇಳಿ, ಉತ್ತರ ಕೊಡಲು ತಡವರಿಸಿದರೆ ಇಟ್ಟುಬಿಡಿ. ‘ಮುಟ್ಟಬಹುದು’ ಎಂದು ಆಸೆ ತೋರಿಸುವವರ ಹತ್ತಿರ ಬಿಟ್ಟಿಯಾಗಿ ಕರೆದರೂ ಹೋಗಬೇಡಿ. ಗೈಡ್‌ಗೂ ಕ್ಯಾಪ್ಟನ್‌ಗೂ ಟಿಪ್ಸ್ ಕೊಡುವುದು ಅಲ್ಲಿನ ಪದ್ಧತಿ, ಟಿಕೆಟ್‌ನ ಶೇಕಡಾ 20ರಷ್ಟನ್ನು ನಗದಾಗಿ ಇಟ್ಟುಕೊಂಡಿರಿ. ಮೊದಲ ಕಂಪನಿಗೆ ಐದರಲ್ಲಿ ಒಂದೂವರೆ, ಆ ಅರ್ಧ ಕ್ಯಾಪ್ಟನ್‌ಗೆ. ಎರಡನೆಯದಕ್ಕೆ ನಾಲ್ಕೂವರೆ, ಉಳಿದರ್ಧ ಶೌಚಾಲಯದಲ್ಲಿ ಕಳೆದುಹೋಯಿತು.

ಎರಡನೆಯ ದಿನವೂ ಹೆಂಡತಿ ದೋಣಿಯಲ್ಲೇ ಕೂತಿದ್ದಳು, ಹೆಗಲಿಗೆ ಕಂಬಳಿ, ಕೈಯಲ್ಲಿ ಅವರೇ ಕೊಟ್ಟ ಬಿಸಿ ಚಾಕೊಲೇಟ್. ನಾನು ಏಣಿ ಹತ್ತಿ ಬಂದು ನಡುಗುತ್ತಾ ಕಂಕುಳಿನ ಹಾಲಿನ ಕಥೆಯನ್ನು ಹೇಳಲು ಶುರುಮಾಡಿದೆ. ಅವಳು ಪೂರ್ತಿ ಕೇಳಿ, ಟಿಕೆಟ್‌ನ ಹಿಂದೆ ಪೆನ್ನಿನಿಂದ ಗೀಟು ಹಾಕಿಟ್ಟುಕೊಂಡದ್ದನ್ನು ತೋರಿಸಿದಳು. ನಾಲ್ಕು ಗೀಟಿಗೆ ಒಂದು ಅಡ್ಡಗೀಟು, ಹಾಲಿನವನ ಲೆಕ್ಕದ ಹಾಗೆ.

“ಇಪ್ಪತ್ತಮೂರು ಮೂಗು. ನಿಮ್ಮದು ಎಷ್ಟು?”

“ಎರಡು.”

“ಮುಂದಿನ ಸಲ ನೀವೂ ಇದೇ ಟಿಕೆಟ್ ತೆಗೆದುಕೊಳ್ಳಿ” ಎಂದಳು.